ನೀರುಗಂಟಿಯ ಕಣ್ಣು: ಗಂಡು ಪ್ರಾಣಿಯಲ್ಲಿ ಈಸ್ಟ್ರೋಜನ್ ಮಾಡುವ ಕೆಲಸ

ಹತ್ತು ವರ್ಷದ ಗಂಡು ನಾಯಿಯೊಂದನ್ನು ಪಶುವೈದ್ಯರ ಮೇಜಿನ ಮೇಲೆ ನಿಲ್ಲಿಸಲಾಗಿದೆ ಎಂದುಕೊಳ್ಳಿ. ಮನೆಯವರು ಅದನ್ನು ಕರೆತಂದದ್ದು ಚರ್ಮರೋಗವೆಂದು. ಎರಡೂ ಪಕ್ಕೆಗಳಲ್ಲಿ ಅಚ್ಚೊತ್ತಿದಂತೆ ಒಂದೇ ಆಕಾರದಲ್ಲಿ ಕೂದಲು ಉದುರಿದೆ, ಆದರೆ ತುರಿಕೆ ಇಲ್ಲ. ಹೊಟ್ಟೆಯಡಿಯ ಮೊಲೆತೊಟ್ಟುಗಳು ಊದಿಕೊಂಡಿವೆ, ಶಿಶ್ನದ ಮುಂದೊಗಲು ಜೋತುಬಿದ್ದಿದೆ. ಬೀದಿಯ ಗಂಡು ನಾಯಿಗಳು ಇದನ್ನೇ ಮೂಸುತ್ತ ಹಿಂದೆ ಬೀಳುತ್ತಿವೆ ಎಂಬುದನ್ನು ಮನೆಯವರು ಕೊನೆಗೆ, ತುಸು ಮುಜುಗರದಿಂದ ಹೇಳುತ್ತಾರೆ. ವೈದ್ಯರು ವೃಷಣ ಚೀಲವನ್ನು ಮುಟ್ಟಿ ನೋಡಿದಾಗ ಒಂದು ವೃಷಣ ನಿಂಬೆಹಣ್ಣಿನಂತೆ ಗಟ್ಟಿಯಾಗಿ ದಪ್ಪಗಿದೆ. ಇನ್ನೊಂದು ಕಡಲೆಕಾಯಿ ಬೀಜದಷ್ಟಾಗಿ ಮೆತ್ತಗಿದೆ. ದೊಡ್ಡದರೊಳಗೆ, ವೀರ್ಯಾಣುಗಳನ್ನು ಪೋಷಿಸುವ ಸರ್ಟೋಲಿ ಕೋಶಗಳ ಗಡ್ಡೆ ಬೆಳೆದಿದೆ. ನೋಡಿದವರ ಗಮನವೆಲ್ಲ ಅದರ ಮೇಲೆಯೇ ಹೋಗುವುದು ಸಹಜ. ಈ ಲೇಖನಕ್ಕೆ ಬೇಕಾದದ್ದು ಮಾತ್ರ ಆ ಚಿಕ್ಕ ವೃಷಣ.

ಅದಕ್ಕೆ ಯಾವ ರೋಗವೂ ಇಲ್ಲ, ಗಡ್ಡೆ ಅದನ್ನು ಮುಟ್ಟಿಯೂ ಇಲ್ಲ. ಆದರೂ ಅದು ಕೆಲಸ ನಿಲ್ಲಿಸಿ ಸೊರಗಿದೆ, ಏಕೆಂದರೆ ಕೆಲಸ ಮಾಡು ಎಂದು ಅದಕ್ಕೆ ಬರಬೇಕಾದ ಆಜ್ಞೆ ನಿಂತುಹೋಗಿದೆ. ಗಡ್ಡೆ ಸುರಿಸುತ್ತಿರುವ ಈಸ್ಟ್ರೋಜನ್ ಮಿದುಳನ್ನು ತಲುಪಿ ಆ ಆಜ್ಞೆಯನ್ನು ತಡೆದಿದೆ. ಗಡ್ಡೆಯಿಂದಲೇ ಬರುವ ಇನ್‌ಹಿಬಿನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಇದಕ್ಕೆ ಕೈಜೋಡಿಸುತ್ತದೆ. ಇಂಥ ಕೆಲವು ನಾಯಿಗಳ ರಕ್ತದಲ್ಲಿ ಈಸ್ಟ್ರೋಜನ್ ಅಳೆದರೆ ಅದು ಮಾಮೂಲಿ ಮಟ್ಟದಲ್ಲೇ ಇರುವುದೂ ಉಂಟು. ಬದಲಾಗಿರುವುದು ಅದಕ್ಕೂ ಟೆಸ್ಟೋಸ್ಟೆರಾನ್‌ಗೂ ಇರುವ ಪ್ರಮಾಣ. ಒಂದೇ ಹಾರ್ಮೋನಿನ ಒಂದೇ ಅಂಕಿಯನ್ನು ಹಿಡಿದು ತೀರ್ಮಾನಕ್ಕೆ ಬರುವವರು ಎಡವುವುದು ಇಲ್ಲಿಯೇ.

ಈಸ್ಟ್ರೋಜನ್ ಹೆಣ್ಣಿನದು, ಟೆಸ್ಟೋಸ್ಟೆರಾನ್ ಗಂಡಿನದು, ಒಂದು ಏರಿದರೆ ಇನ್ನೊಂದು ಇಳಿಯುತ್ತದೆ ಎಂಬ ತಕ್ಕಡಿಯ ಚಿತ್ರ ನಮ್ಮ ಮಾತುಕತೆಯಲ್ಲಿ ಬೇರೂರಿದೆ. ಕೀಟನಾಶಕ, ಪ್ಲಾಸ್ಟಿಕ್, ಸೋಯಾ, ಬ್ರಾಯ್ಲರ್ ಕೋಳಿ ಹೀಗೆ ಎಲ್ಲದರ ಮೇಲೂ ‘ಈಸ್ಟ್ರೋಜನ್‌ನಂಥದ್ದು’ ಎಂಬ ಚೀಟಿ ಅಂಟಿಸಿ ಗಂಡಸುತನ ಕುಗ್ಗುತ್ತಿದೆ ಎಂದು ಗಾಬರಿಪಡುವವರಿದ್ದಾರೆ; ಎಲ್ಲವೂ ಸುಳ್ಳು ಎಂದು ತಳ್ಳಿಹಾಕುವವರೂ ಇದ್ದಾರೆ. ಎರಡೂ ಕಡೆಯವರು ಬಿಟ್ಟುಬಿಡುವ ಪ್ರಶ್ನೆ ಒಂದೇ: ಈಸ್ಟ್ರೋಜನ್ ಕೆಲಸ ಮಾಡುತ್ತಿರುವುದು ದೇಹದ ಯಾವ ಜಾಗದಲ್ಲಿ, ಯಾವ ವಯಸ್ಸಿನಲ್ಲಿ?

ದಾರಿ ಹೀಗಿದೆ. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಆಗಾಗ್ಗೆ ಸ್ವಲ್ಪ ಸ್ವಲ್ಪವಾಗಿ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಚಿಮ್ಮಿಸುತ್ತದೆ. ಅದರ ರಚನೆಯನ್ನು ಬಿಡಿಸಿದ ಆಂಡ್ರ್ಯೂ ಶ್ಯಾಲಿ ಮತ್ತು ರೋಜರ್ ಗಿಲ್ಮಾ ಅವರು 1977ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಆ ಚಿಮ್ಮುವಿಕೆಗೆ ಓಗೊಟ್ಟು ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್ ವೃಷಣದ ಲೇಡಿಗ್ ಕೋಶಗಳನ್ನು ತಟ್ಟಿದಾಗ ಅವು ಕೊಲೆಸ್ಟರಾಲನ್ನು ಒಂದೊಂದೇ ಕಿಣ್ವದ ಕೈಯಿಂದ ದಾಟಿಸಿ ಟೆಸ್ಟೋಸ್ಟೆರಾನ್ ಮಾಡುತ್ತವೆ. ಹೀಗೆ ತಯಾರಾದ ಟೆಸ್ಟೋಸ್ಟೆರಾನಿನ ಒಂದು ಸಣ್ಣ ಪಾಲನ್ನು ಅರೋಮಟೇಸ್ ಎಂಬ ಕಿಣ್ವ ಎಸ್ಟ್ರಡಯಾಲ್ ಆಗಿ, ಅಂದರೆ ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಈ ಮಾರ್ಪಾಡು ವೃಷಣದಲ್ಲೂ ಕೊಬ್ಬಿನಲ್ಲೂ ಮಿದುಳಿನಲ್ಲೂ ನಡೆಯುತ್ತದೆ. ಹೀಗಾಗಿ ಗಂಡಿನ ಈಸ್ಟ್ರೋಜನ್ ಹೊರಗಿನಿಂದ ನುಸುಳಿದ ವಸ್ತುವಲ್ಲ, ಅವನದೇ ಟೆಸ್ಟೋಸ್ಟೆರಾನಿನ ಮಗು.

ಇದಕ್ಕೆ ಕುದುರೆಯಷ್ಟು ಎದ್ದುಕಾಣುವ ಸಾಕ್ಷಿ ಬೇರೊಂದಿಲ್ಲ. 1934ರಲ್ಲಿ ಬರ್ನಾರ್ಡ್ ಝೊಂಡೆಕ್ ಅವರು ಗಂಡು ಕುದುರೆಯ ಮೂತ್ರದಲ್ಲಿ ಅಪಾರ ಪ್ರಮಾಣದ ಈಸ್ಟ್ರೋಜನ್ ಇರುವುದನ್ನು ವರದಿ ಮಾಡಿದಾಗ, ಹೆಣ್ಣಿನ ಹಾರ್ಮೋನ್ ಎಂಬ ಹೆಸರೇ ಪೇಚಿಗೆ ಸಿಕ್ಕಿತು. ಬೀಜದ ಕುದುರೆಯ ರಕ್ತದಲ್ಲಿ ಟೆಸ್ಟೋಸ್ಟೆರಾನಿಗಿಂತ ಹಲವು ಪಟ್ಟು ಹೆಚ್ಚು ಈಸ್ಟ್ರೋಜನ್ ಹರಿಯುತ್ತದೆ, ಆದರೂ ಅದರ ಗಂಡುತನಕ್ಕೆ ಏನೂ ಕೊರತೆಯಿಲ್ಲ. ಗುಟ್ಟು ಇಷ್ಟೇ: ಅದರ ಬಹುಪಾಲು ಸಲ್ಫೇಟಿನ ಜೊತೆ ಕೂಡಿಕೊಂಡಿರುತ್ತದೆ, ಹಾಗೆ ಕೂಡಿಕೊಂಡ ಈಸ್ಟ್ರೋಜನ್, ಕೋಶದಲ್ಲಿ ಅದರ ಸುದ್ದಿಯನ್ನು ಹಿಡಿಯುವ ಗ್ರಾಹಕ ಎಂಬ ಪ್ರೋಟೀನಿಗೆ ಅಂಟಲಾರದು. ಕುದುರೆ ಸಾಕುವವರಿಗೆ ಇದು ಕೈಗೆ ಬರುವ ಉಪಯೋಗವೂ ಆಗಿದೆ. ಬೀಜ ತೆಗೆಸಿದೆ ಎಂದು ಮಾರಿದ ಕುದುರೆ ಹೆಣ್ಣನ್ನು ಕಂಡಾಗಲೆಲ್ಲ ಕೆನೆದು ಕುಣಿದರೆ, ಹೊಟ್ಟೆಯೊಳಗೆ ಇಳಿಯದ ವೃಷಣವೊಂದು ಉಳಿದಿದೆಯೇ ಎಂದು ತಿಳಿಯಲು ರಕ್ತದಲ್ಲಿ ಎಸ್ಟ್ರೋನ್ ಸಲ್ಫೇಟ್ ಎಂಬ, ಸಲ್ಫೇಟ್ ಕೂಡಿದ ಈಸ್ಟ್ರೋಜನ್ನನ್ನು ಅಳೆಯುತ್ತಾರೆ. ಗಂಡಿನ ಅಂಗವನ್ನು ಹೆಣ್ಣಿನದೆನ್ನುವ ಹಾರ್ಮೋನಿನಿಂದ ಪತ್ತೆಹಚ್ಚುವುದು! (ಕತ್ತೆಯಲ್ಲಿ ಈ ಪರೀಕ್ಷೆ ನಡೆಯದು, ಒಂದು ಪ್ರಾಣಿಯ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದಕ್ಕೆ ಇಷ್ಟು ಹತ್ತಿರದ ಬಂಧುಗಳಲ್ಲೇ ಸಾಕ್ಷಿಯಿದೆ.)

ಹಾಗಿದ್ದರೆ ಗಂಡಿನ ದೇಹ ತನ್ನ ಟೆಸ್ಟೋಸ್ಟೆರಾನನ್ನು ಒಂದಿಷ್ಟು ಈಸ್ಟ್ರೋಜನ್ ಮಾಡಿಕೊಳ್ಳುವುದು ಯಾತಕ್ಕೆ? ಹಳೆ ಮೈಸೂರು ಸೀಮೆಯ ಕೆರೆಗಳ ವ್ಯವಸ್ಥೆಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಕೆರೆಯ ತೂಬನ್ನು ಎತ್ತುವುದು, ಇಳಿಸುವುದು ನೀರುಗಂಟಿಯ ಕೆಲಸ. ಅವನು ಕೆರೆಯಲ್ಲಿ ಎಷ್ಟು ನೀರಿದೆ ಎಂದಷ್ಟೇ ನೋಡುವುದಿಲ್ಲ, ಗದ್ದೆಯಲ್ಲಿ ನೀರು ಎಷ್ಟು ನಿಂತಿದೆ ಎಂದು ನೋಡಿ ತೂಬು ಹಾಕುತ್ತಾನೆ. ಇಲ್ಲಿ ಹೈಪೊಥಲಾಮಸ್ ಮತ್ತು ಪಿಟ್ಯುಟರಿ ಸೇರಿ ನೀರುಗಂಟಿ, ಎಲ್‌ಎಚ್ ಎಂದರೆ ಅವನು ತೂಬನ್ನು ಎಷ್ಟು ಎತ್ತಿದ್ದಾನೆ ಎಂಬುದು, ವೃಷಣ ಕಾಲುವೆ, ಟೆಸ್ಟೋಸ್ಟೆರಾನ್ ನೀರು. ಗದ್ದೆ ತುಂಬಿತು ಎಂದು ಅವನಿಗೆ ತಿಳಿಸುವ ಗುರುತುಗಳಲ್ಲಿ ಬಹಳ ಮುಖ್ಯವಾದದ್ದು ಈಸ್ಟ್ರೋಜನ್. ಟೆಸ್ಟೋಸ್ಟೆರಾನ್ ತಾನಾಗಿಯೂ ಒಂದಿಷ್ಟು ಸುದ್ದಿ ಮುಟ್ಟಿಸುತ್ತದೆ ನಿಜ, ಆದರೆ ಈಸ್ಟ್ರೋಜನ್ ಬಹಳ ಕಡಿಮೆ ಪ್ರಮಾಣದಲ್ಲೇ ಅದಕ್ಕಿಂತ ಜೋರಾಗಿ ಹೇಳುತ್ತದೆ.

ಈ ಮಾತಿಗೆ ಪುರಾವೆಗಳು ಹಲವು ದಿಕ್ಕಿನಿಂದ ಬಂದಿವೆ. ಬೀಜ ಒಡೆದ ಟಗರು ಅಥವಾ ಹೋರಿಯಲ್ಲಿ ಎಲ್‌ಎಚ್ ಗಗನಕ್ಕೇರುತ್ತದೆ. ಎಸ್ಟ್ರಡಯಾಲ್ ಕೊಟ್ಟರೆ ಇಳಿಯುತ್ತದೆ. ಅರೋಮಟೇಸನ್ನು ತಡೆಯುವ ಅನಾಸ್ಟ್ರೊಜೋಲ್‌ನಂಥ ಔಷಧವನ್ನು ಆರೋಗ್ಯವಂತ ಗಂಡಸರಿಗೆ ಕೊಟ್ಟಾಗ ಈಸ್ಟ್ರೋಜನ್ ಇಳಿದು, ಎಲ್‌ಎಚ್ ಮತ್ತು ಟೆಸ್ಟೋಸ್ಟೆರಾನ್ ಎರಡೂ ಏರಿದವು. 1993ರಲ್ಲಿ ಈಸ್ಟ್ರೋಜನ್ನಿನ ಆಲ್ಫಾ ಗ್ರಾಹಕವೇ ಇಲ್ಲದ ಇಲಿಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಲಾಯಿತು. ಅವುಗಳ ಗಂಡುಗಳಲ್ಲೂ ಎರಡೂ ಏರಿದ್ದವು. ಗದ್ದೆ ಕಾಣದ ನೀರುಗಂಟಿ ತೂಬನ್ನು ಎತ್ತಿಯೇ ಇಟ್ಟಂತಾಯಿತು. ಆದರೆ ಟೆಸ್ಟೋಸ್ಟೆರಾನ್ ಹೆಚ್ಚಾದ ಆ ಗಂಡಿಲಿಗಳು ಸಂತಾನಶಕ್ತಿ ಕಳೆದುಕೊಂಡಿದ್ದವು: ವೃಷಣದಿಂದ ಹೊರಟ ದ್ರವವನ್ನು ಹೀರಿ ವೀರ್ಯಾಣುಗಳನ್ನು ಒತ್ತಾಗಿಸುವ ಸಣ್ಣ ನಾಳಗಳ ಕೆಲಸಕ್ಕೆ ಈಸ್ಟ್ರೋಜನ್ ಬೇಕು ಎಂದು 1997ರಲ್ಲಿ ತಿಳಿದುಬಂತು. ದ್ರವ ಹಿಂದಕ್ಕೆ ಒತ್ತಿ ವೃಷಣಗಳೇ ಹಾಳಾಗಿದ್ದವು. ಈಸ್ಟ್ರೋಜನ್ನನ್ನು ಗಂಡಿನ ವೈರಿಯೆಂದು ಬಗೆದು ಅಡಗಿಸಹೊರಡುವ ಜಿಮ್ ಪಂಡಿತರು ಗಮನಿಸಬೇಕಾದ ಇಲಿಗಳು ಇವು. ಇದೇ ಗ್ರಾಹಕ ಕೆಟ್ಟಿದ್ದ 28 ವರ್ಷದ ಮನುಷ್ಯನೊಬ್ಬನ ವಿವರ 1994ರಲ್ಲಿ ಪ್ರಕಟವಾಯಿತು. ಅವನ ಎತ್ತರ 204 ಸೆಂಟಿಮೀಟರ್, ಎಲುಬು ಟೊಳ್ಳು, ಎಲ್‌ಎಚ್ ಜಾಸ್ತಿ, ಟೆಸ್ಟೋಸ್ಟೆರಾನ್ ಮಾತ್ರ ಮಾಮೂಲಿ. ಇಲಿಯ ಲೆಕ್ಕ ಮನುಷ್ಯನಲ್ಲಿ ಅಕ್ಷರಶಃ ಕೂಡಿಬರಲಿಲ್ಲ.

ಒಂದು ಒಗಟು ಬಹಳ ಕಾಲ ಉಳಿದಿತ್ತು. ಜಿಎನ್‌ಆರ್‌ಎಚ್ ಚಿಮ್ಮಿಸುವ ನರಕೋಶಗಳಲ್ಲಿ ಈ ಆಲ್ಫಾ ಗ್ರಾಹಕ ಇಲ್ಲ. ಹಾಗಾದರೆ ಅವು ಈಸ್ಟ್ರೋಜನ್ನಿನ ಸುದ್ದಿ ಕೇಳುವುದು ಹೇಗೆ? 2003ರ ನಂತರ ಉತ್ತರ ಸಿಕ್ಕಿತು. ಅವುಗಳಿಗೆ ಆಜ್ಞೆ ಕೊಡುವ ಕಿಸ್‌ಪೆಪ್ಟಿನ್ ನರಕೋಶಗಳು ಪಕ್ಕದಲ್ಲೇ ಇವೆ, ಗ್ರಾಹಕ ಇರುವುದು ಅವುಗಳಲ್ಲಿ. ಈಸ್ಟ್ರೋಜನ್ ಅವುಗಳ ಬಾಯಿ ಕಟ್ಟಿದರೆ ಮುಂದಿನ ಸಾಲೆಲ್ಲ ಮೌನವಾಗುತ್ತದೆ. ನಾಯಿಯ ಆ ಚಿಕ್ಕ ವೃಷಣಕ್ಕೆ ಆಜ್ಞೆ ನಿಂತದ್ದು ಬಹುಮಟ್ಟಿಗೆ ಈ ದಾರಿಯಲ್ಲೇ ಇರಬೇಕು.

ಮಿದುಳಿನ ಬಾಗಿಲು ಒಂದೇ ಆಗಿದ್ದರೆ ವಿಷಯ ಸರಳವಾಗಿರುತ್ತಿತ್ತು. ಲೇಡಿಗ್ ಕೋಶಗಳಲ್ಲೂ ಈಸ್ಟ್ರೋಜನ್ ಗ್ರಾಹಕಗಳಿವೆ. ಟೆಸ್ಟೋಸ್ಟೆರಾನ್ ತಯಾರಿಕೆಯ ನಡುವಿನ ಹೆಜ್ಜೆಯಾದ ಸಿವೈಪಿ17 ಎಂಬ ಕಿಣ್ವದ ಚಟುವಟಿಕೆಯನ್ನು ಈಸ್ಟ್ರೋಜನ್ ನೇರವಾಗಿ ಕುಗ್ಗಿಸಬಲ್ಲದು ಎಂದು ಇಲಿಗಳ ಪ್ರಯೋಗಗಳು ತೋರಿಸಿವೆ. ಬೆಳೆದ ಪ್ರಾಣಿಯಲ್ಲಿ ಈ ಎರಡನೆಯ ಬಾಗಿಲಿನ ಪಾಲು ಚಿಕ್ಕದು. ಭ್ರೂಣದಲ್ಲಿ ಹಾಗಲ್ಲ, ಮಿದುಳಿನ ಲಗಾಮು ಇನ್ನೂ ಪೂರ್ತಿ ಬಿಗಿಯಾಗದ ಕಾಲವದು. ಆಲ್ಫಾ ಗ್ರಾಹಕವಿಲ್ಲದ ಇಲಿಭ್ರೂಣದ ವೃಷಣ ಮಾಮೂಲಿಗಿಂತ ಹೆಚ್ಚು ಟೆಸ್ಟೋಸ್ಟೆರಾನ್ ಸುರಿಸುತ್ತದೆ ಎಂದಮೇಲೆ, ತಾಯಿಯ ಹೊಟ್ಟೆಯಲ್ಲಿರುವಾಗಲೇ ಈಸ್ಟ್ರೋಜನ್ ಅಲ್ಲಿ ನೇರವಾಗಿ ಕಡಿವಾಣ ಹಾಕುತ್ತಿರುತ್ತದೆ ಎಂದಾಯಿತು. ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಈಸ್ಟ್ರೋಜನ್ ಕೊಟ್ಟಾಗ ಇಲಿಭ್ರೂಣದಲ್ಲಿ ಟೆಸ್ಟೋಸ್ಟೆರಾನ್ ಇಳಿಯಿತು, ವೃಷಣವನ್ನು ಚೀಲಕ್ಕೆ ಇಳಿಸುವ ಇನ್ನೊಂದು ಹಾರ್ಮೋನೂ ಕುಗ್ಗಿತು. ಮನುಷ್ಯ ಭ್ರೂಣದ ವೃಷಣದ ಅಂಗಾಂಶದಲ್ಲಿ ಅದೇ ವಸ್ತು ಟೆಸ್ಟೋಸ್ಟೆರಾನನ್ನು ಹಾಗೆ ಇಳಿಸಲಿಲ್ಲ. ಇಲಿಯಲ್ಲಿ ಕಂಡದ್ದನ್ನು ನಾಳೆಯೇ ಗಂಡುಮಗುವಿಗೆ ಅನ್ವಯಿಸುವ ಸುದ್ದಿ ಶೀರ್ಷಿಕೆಗಳನ್ನು ಓದುವಾಗ ಈ ವ್ಯತ್ಯಾಸ ನೆನಪಿರಲಿ.

ಮನುಷ್ಯ ಈ ತೂಬನ್ನು ಬೇಕೆಂದೇ ಮುಚ್ಚಿದ್ದೂ ಉಂಟು. 1940ರ ದಶಕದ ಕೊನೆಗೆ ಅಮೆರಿಕದ ಕೋಳಿ ಸಾಕಣೆದಾರರು ಹುಂಜದ ಕುತ್ತಿಗೆಯ ತೊಗಲಿನಡಿ ಡೈಈಥೈಲ್‌ಸ್ಟಿಲ್‌ಬೆಸ್ಟ್ರಾಲಿನ ಗುಳಿಗೆ ಸೇರಿಸುತ್ತಿದ್ದರು. ಕೆಲವು ವಾರಗಳಲ್ಲಿ ಅದರ ಕೆಂಪು ಜುಟ್ಟು ಮಸುಕಾಗಿ ಮುದುಡುತ್ತಿತ್ತು, ಕೂಗು ನಿಲ್ಲುತ್ತಿತ್ತು, ಜಗಳ ನಿಲ್ಲುತ್ತಿತ್ತು, ಮಾಂಸದಲ್ಲಿ ಕೊಬ್ಬು ತುಂಬುತ್ತಿತ್ತು. ಬೀಜ ಒಡೆಯುವ ಶ್ರಮವಿಲ್ಲದೆ ಬೀಜ ಒಡೆದ ಹುಂಜ ತಯಾರು. ಜುಟ್ಟು ಟೆಸ್ಟೋಸ್ಟೆರಾನಿನ ಅಳತೆಗೋಲು ಎಂಬುದು 1849ರಲ್ಲಿ ಗಾಟಿಂಗನ್ನಿನ ಆರ್ನಾಲ್ಡ್ ಬೆರ್ಟೋಲ್ಡ್ ಹುಂಜಗಳ ವೃಷಣ ತೆಗೆದು, ಮತ್ತೆ ಕಸಿಮಾಡಿ ನೋಡಿದ ಕಾಲದಿಂದ ಗೊತ್ತಿದ್ದ ಸಂಗತಿ. ಗುಳಿಗೆ ಉಳಿದಿದ್ದ ತಲೆ-ಕುತ್ತಿಗೆಗಳನ್ನು ತಿಂದ, ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಗಳು ಮರಿಹಾಕುವುದನ್ನು ನಿಲ್ಲಿಸಿದ ದೂರುಗಳು ಬಂದವು, 1959ರಲ್ಲಿ ಕೋಳಿಗಳಲ್ಲಿ ಇದರ ಬಳಕೆ ನಿಂತಿತು. ನಮ್ಮ ಅಂಗಡಿಯ ಬ್ರಾಯ್ಲರ್ ಆರು ವಾರದಲ್ಲಿ ತೂಗುವುದಕ್ಕೆ ಕಾರಣ ತಳಿಯ ಆಯ್ಕೆ ಮತ್ತು ಮೇವು. ಸೋಯಾ ಬಗ್ಗೆಯೂ ಒಂದೇ ಮಾತು ಸಾಕು: ಗಂಡಸರಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ವಿಶ್ಲೇಷಣೆಗಳಲ್ಲಿ ಅದು ಟೆಸ್ಟೋಸ್ಟೆರಾನನ್ನು ಇಳಿಸಿದ್ದು ಕಂಡಿಲ್ಲ.

ಇನ್ನು ನಮಗೆ ಹತ್ತಿರದ ಸಂಗತಿ. ನೀರುಗಂಟಿಯ ಲೆಕ್ಕವನ್ನು ಒಪ್ಪಿದರೆ ರಕ್ತದ ವರದಿಯನ್ನು ಓದುವ ಬಗೆ ತಾನಾಗಿ ಸಿಗುತ್ತದೆ. ಟೆಸ್ಟೋಸ್ಟೆರಾನ್ ಕಡಿಮೆ, ಎಲ್‌ಎಚ್ ಕೂಡ ಕಡಿಮೆ ಎಂದರೆ ನೀರುಗಂಟಿಯೇ ತೂಬು ಮುಚ್ಚಿದ್ದಾನೆ. ಹೊರಗಿನ ಈಸ್ಟ್ರೋಜನ್ ಅವನನ್ನು ಮೋಸಗೊಳಿಸಿರಬಹುದು. ಟೆಸ್ಟೋಸ್ಟೆರಾನ್ ಕಡಿಮೆ, ಎಲ್‌ಎಚ್ ಹೆಚ್ಚು ಎಂದರೆ ಅವನು ತೂಬನ್ನು ಪೂರ್ತಿ ಎತ್ತಿ ಕೂಗುತ್ತಿದ್ದಾನೆ, ಒಡೆದಿರುವುದು ಕಾಲುವೆ. ಎರಡೂ ಹೆಚ್ಚಾಗಿದ್ದರೆ ಅವನ ಕಣ್ಣು ಮಂಜಾಗಿದೆ. ‘ಈಸ್ಟ್ರೋಜನ್‌ನಂಥದ್ದು’ ಎಂಬ ಚೀಟಿ ಈ ಮೂರನ್ನೂ ಒಂದೇ ಚೀಲಕ್ಕೆ ಹಾಕುತ್ತದೆ ಎಂಬುದೇ ನನ್ನ ತಕರಾರು.

ಕಾಸರಗೋಡಿನಲ್ಲಿ ಬಳಸಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಇದಕ್ಕೆ ತಕ್ಕ ಉದಾಹರಣೆ. ಪಡ್ರೆ ಎಂಬ, ಕನ್ನಡ ತುಳು ಮಾತಾಡುವ ಹಳ್ಳಿಯ ಮೇಲಿನ ಗೇರುಗುಡ್ಡಗಳಿಗೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಮಿಕ್ಕಿ ಎಂಡೋಸಲ್ಫಾನ್ ಸುರಿಯಲಾಯಿತು. ಅಲ್ಲಿ ವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಪತ್ರಕರ್ತ ಶ್ರೀ ಪಡ್ರೆ ಅವರು 1980ರ ದಶಕದ ಆರಂಭದಲ್ಲೇ ಬರೆದಿದ್ದರು. ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು ಕಡೆಯ ಗೇರು ತೋಪುಗಳಲ್ಲೂ ಇದೇ ವಿಷ ಬಿದ್ದಿತ್ತು. ಎಂಡೋಸಲ್ಫಾನ್‌ಗೆ ಈಸ್ಟ್ರೋಜನ್ನಿನಂಥ ದುರ್ಬಲ ಗುಣವಿದೆ ಎಂದು 1994ರಲ್ಲೇ ಪ್ರಯೋಗಾಲಯದ ಕೋಶಗಳಲ್ಲಿ ಕಂಡಿತ್ತು. ಅಲ್ಲಿಂದ ಆ ಚೀಟಿ ಅದಕ್ಕೆ ಅಂಟಿಕೊಂಡಿತು.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ 2003ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚೀಟಿಯನ್ನು ಒರೆಗೆ ಹಚ್ಚಲು ನೆರವಾಗುತ್ತದೆ. ಸಿಂಪಡಣೆಗೆ ಸಿಕ್ಕ ಹಳ್ಳಿಯ 10ರಿಂದ 19 ವರ್ಷದ 117 ಹುಡುಗರನ್ನೂ ಅಂಥ ಹಿನ್ನೆಲೆಯಿಲ್ಲದ ಬೇರೆ ಕಡೆಯ 90 ಹುಡುಗರನ್ನೂ ಅವರು ಹೋಲಿಸಿದರು. ರಕ್ತದ ಎಂಡೋಸಲ್ಫಾನ್ ಸರಾಸರಿ ಮೊದಲ ಗುಂಪಿನಲ್ಲಿ ಶತಕೋಟಿಗೆ 7.47 ಭಾಗ, ಎರಡನೆಯದರಲ್ಲಿ 1.37. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸಿಂಪಡಣೆಗೆ ಸಿಕ್ಕ ಹುಡುಗರಲ್ಲಿ ಪ್ರೌಢತೆಯ ಗುರುತುಗಳು ಹಿಂದುಳಿದಿದ್ದವು, ಟೆಸ್ಟೋಸ್ಟೆರಾನ್ ಕಡಿಮೆಯಿತ್ತು, ಎಲ್‌ಎಚ್ ಹೆಚ್ಚಿತ್ತು. ಅಧ್ಯಯನದ ವಿಧಾನದ ಬಗ್ಗೆ ಆಕ್ಷೇಪಗಳು ಬಂದವು, ಒಂದೇ ಬಾರಿ ಅಳೆದ ಅಧ್ಯಯನಕ್ಕೆ ಇರುವ ಮಿತಿ ಇದಕ್ಕೂ ಇದೆ. ಅಂಕಿಗಳ ಜೋಡಿಯನ್ನು ಗಮನಿಸಿ: ಎಲ್‌ಎಚ್ ಹೆಚ್ಚು, ಟೆಸ್ಟೋಸ್ಟೆರಾನ್ ಕಡಿಮೆ. ಎಂಡೋಸಲ್ಫಾನ್ ಮಿದುಳಿನಲ್ಲಿ ಈಸ್ಟ್ರೋಜನ್ನಿನ ವೇಷ ಹಾಕಿ ಕೆಲಸ ಮಾಡಿದ್ದರೆ ಎಲ್‌ಎಚ್ ಇಳಿಯಬೇಕಿತ್ತು. ಈ ಹುಡುಗರಲ್ಲಿ ನೀರುಗಂಟಿ ಎಚ್ಚರವಾಗಿದ್ದ, ತೂಬನ್ನು ಎತ್ತಿಯೂ ಇದ್ದ; ಪೆಟ್ಟು ವೃಷಣದ ಮಟ್ಟದಲ್ಲಿ ಬಿದ್ದಂತೆ ಕಾಣುತ್ತದೆ. ಇಲಿಗಳಿಗೆ ದೊಡ್ಡ ಪ್ರಮಾಣದಲ್ಲಿ ಎಂಡೋಸಲ್ಫಾನ್ ಕೊಟ್ಟ ಭಾರತೀಯ ಪ್ರಯೋಗಗಳಲ್ಲಿ ಟೆಸ್ಟೋಸ್ಟೆರಾನ್ ತಯಾರಿಸುವ ಕಿಣ್ವಗಳು ಕುಗ್ಗಿದವು, ಜೊತೆಗೆ ಎಲ್‌ಎಚ್ ಕೂಡ ಇಳಿಯಿತು ಎಂಬುದನ್ನೂ ಹೇಳಬೇಕು. ಪ್ರಮಾಣ ಬದಲಾದಂತೆ ಬಾಗಿಲೂ ಬದಲಾಗಬಹುದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶಾದ್ಯಂತ ತಡೆಯಿತು. ಆದರೆ ‘ಅದು ನಿಜವಾಗಿ ಈಸ್ಟ್ರೋಜನ್ನೇ’ ಎಂಬ ಹಳೆಯ ವಾಗ್ವಾದ ಇಂದಿಗೂ ನಡೆಯುತ್ತದೆ. ಪೆಟ್ಟು ತಿಂದವನಿಗೆ ದೊಣ್ಣೆಯ ಜಾತಿ ಕಟ್ಟಿಕೊಂಡು ಏನಾಗಬೇಕು? ಪೆಟ್ಟು ಎಲ್ಲಿ ಬಿದ್ದಿದೆ ಎಂಬುದು ಬೇಕು, ಏಕೆಂದರೆ ಚಿಕಿತ್ಸೆ ನಿಂತಿರುವುದು ಅದರ ಮೇಲೆ.

ಮೆಕ್ಕೆಜೋಳ, ಕಬ್ಬಿನ ಹೊಲಗಳಲ್ಲಿ ಬಳಸುವ ಕಳೆನಾಶಕ ಅಟ್ರಜಿನ್‌ನ ಕಥೆ ಇನ್ನೊಂದು ಬಗೆಯದು. ಅಮೆರಿಕದ ಬರ್ಕ್ಲಿಯ ವಿಜ್ಞಾನಿ ಟೈರೋನ್ ಹೇಯ್ಸ್ 2002ರಲ್ಲಿ, ನೀರಿನಲ್ಲಿ ಶತಕೋಟಿಗೆ 25 ಭಾಗ ಅಟ್ರಜಿನ್ ಇದ್ದಾಗ ಗಂಡು ಆಫ್ರಿಕನ್ ಕಪ್ಪೆಗಳ ಟೆಸ್ಟೋಸ್ಟೆರಾನ್ ಹತ್ತನೇ ಒಂದಕ್ಕೆ ಇಳಿಯಿತು ಎಂದು ವರದಿ ಮಾಡಿದರು. ಅವರ ವಿವರಣೆಯ ಪ್ರಕಾರ ಅಟ್ರಜಿನ್ ತಾನೇ ಈಸ್ಟ್ರೋಜನ್ ಅಲ್ಲ, ಅದು ಅರೋಮಟೇಸನ್ನು ಹುರಿದುಂಬಿಸಿ, ತಯಾರಾದ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಖರ್ಚುಮಾಡಿಸುತ್ತದೆ. ಕಾಲುವೆಯಲ್ಲಿ ನೀರು ಬರುತ್ತಿದೆ, ನಡುವೆ ಯಾರೋ ಪಂಪು ಹಚ್ಚಿದ್ದಾರೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿ, ಕಪ್ಪೆಗಳ ಲೈಂಗಿಕ ಬೆಳವಣಿಗೆಗೆ ಅಟ್ರಜಿನ್‌ನಿಂದ ಧಕ್ಕೆಯಿಲ್ಲ ಎಂಬ ನಿಲುವು ತಳೆಯಿತು. ಯುರೋಪ್ ಅದಕ್ಕೂ ಮೊದಲೇ, ಅಂತರ್ಜಲಕ್ಕೆ ಇಳಿಯುತ್ತದೆ ಎಂಬ ಕಾರಣಕ್ಕೆ ಅದನ್ನು ಕೈಬಿಟ್ಟಿತ್ತು. ಭಾರತದಲ್ಲಿ 2020ರ ನಿಷೇಧದ ಕರಡು ಪಟ್ಟಿಯ 27 ಹೆಸರುಗಳಲ್ಲಿ ಅಟ್ರಜಿನ್ ಕೂಡ ಇತ್ತು.

ಕೀಟನಾಶಕಗಳ ಗದ್ದಲದಲ್ಲಿ ಮರೆಯಾಗಿರುವ ಅಸಲಿ ಈಸ್ಟ್ರೋಜನ್ ಇರುವುದು ಕೊಳಚೆ ನೀರಿನಲ್ಲಿ. ನಮ್ಮೆಲ್ಲರ ಮೂತ್ರದಲ್ಲಿ ಹೊರಬೀಳುವ ಈಸ್ಟ್ರೋಜನ್ ಮತ್ತು ಗರ್ಭನಿರೋಧಕ ಗುಳಿಗೆಯ ಈಥೈನೈಲ್‌ಎಸ್ಟ್ರಡಯಾಲ್ ಶುದ್ಧೀಕರಣ ಘಟಕಗಳಲ್ಲಿ ಪೂರ್ತಿ ನಾಶವಾಗುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಯೊಂದಕ್ಕೆ 2001ರಿಂದ ಮೂರು ಬೇಸಿಗೆ ಲೀಟರಿಗೆ 5ರಿಂದ 6 ನ್ಯಾನೊಗ್ರಾಂ ಈಥೈನೈಲ್‌ಎಸ್ಟ್ರಡಯಾಲ್ ಬೆರೆಸಲಾಯಿತು. ಅದೆಷ್ಟೆಂದರೆ, ಒಂದು ಗ್ರಾಂ ಔಷಧವನ್ನು ಸುಮಾರು 20 ಕೋಟಿ ಲೀಟರ್ ನೀರಿಗೆ ಕದಡಿದಂತೆ. ಗಂಡು ಮೀನುಗಳ ರಕ್ತದಲ್ಲಿ, ಹೆಣ್ಣು ಮೀನು ಮಾತ್ರ ಮೊಟ್ಟೆಗಾಗಿ ತಯಾರಿಸುವ ವೈಟೆಲೊಜೆನಿನ್ ಎಂಬ ಪ್ರೋಟೀನ್ ತುಂಬಿತು, ವೃಷಣಗಳು ಕೆಟ್ಟವು, ಫ್ಯಾಟ್‌ಹೆಡ್ ಮಿನ್ನೋ ಎಂಬ ಪುಟ್ಟ ಮೀನಿನ ಸಂತತಿ ಅಳಿವಿನಂಚಿಗೆ ಬಂತು. ಬೆರೆಸುವುದನ್ನು ನಿಲ್ಲಿಸಿದ ಕೆಲವು ವರ್ಷಗಳಲ್ಲಿ ಮರಳಿತು. ಮೀನಿನಲ್ಲಿ ಈಸ್ಟ್ರೋಜನ್ ಮಿದುಳು, ವೃಷಣ ಎರಡನ್ನೂ ಒಟ್ಟಿಗೆ ಹಿಡಿಯುತ್ತದೆ. ಅಲ್ಲಿನ ಮುಖ್ಯ ಗಂಡು ಹಾರ್ಮೋನಾದ 11-ಕೀಟೊಟೆಸ್ಟೋಸ್ಟೆರಾನ್ ಕುಸಿಯುತ್ತದೆ.

2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ. ಒಣಗಿದ್ದ ಕೆರೆಗೆ ನೀರು ಬಂದದ್ದು ಸಣ್ಣ ಸಂಗತಿಯಲ್ಲ, ಅದನ್ನು ಹಗುರವಾಗಿ ಕಾಣುವ ಹಕ್ಕು ನಗರದಲ್ಲಿ ಕೂತು ಬರೆಯುವವರಿಗೆ ಇಲ್ಲ. ಆದರೆ ಶುದ್ಧೀಕರಣ ಘಟಕದ ನೀರಿಗೆ ನಮ್ಮಲ್ಲಿ ವಿಧಿಸಿರುವ ಮಾನದಂಡಗಳು ಆಮ್ಲಜನಕದ ಬೇಡಿಕೆ, ತೇಲುವ ಕಣ, ಸಾರಜನಕ, ಮಲದ ಬ್ಯಾಕ್ಟೀರಿಯಾಗಳನ್ನು ಕೇಳುತ್ತವೆಯೇ ಹೊರತು ಹಾರ್ಮೋನುಗಳನ್ನು ಕೇಳುವುದಿಲ್ಲ. ಯುರೋಪಿಯನ್ ಒಕ್ಕೂಟ 2015ರಲ್ಲೇ ಮೂರು ಈಸ್ಟ್ರೋಜನ್‌ಗಳನ್ನು ತನ್ನ ನೀರಿನ ನಿಗಾ ಪಟ್ಟಿಗೆ ಸೇರಿಸಿತು. ಇಲ್ಲಿ ನೀರಿನ ಹಾರ್ಮೋನನ್ನು ಅಳೆಯುವ ದುಬಾರಿ ಉಪಕರಣದಿಂದಲೇ ಆರಂಭಿಸಬೇಕೆಂದಿಲ್ಲ. ಕೆರೆಯ ಮೀನು ಹಿಡಿಯುವವರ ಬಲೆಯಿಂದ ಹತ್ತಿಪ್ಪತ್ತು ಗಂಡು ಮೀನು ಪಡೆದು, ಅವುಗಳ ರಕ್ತದ ಹನಿಯಲ್ಲಿ ವೈಟೆಲೊಜೆನಿನ್ ಇದೆಯೇ ಎಂದು ನೋಡಿದರೆ ಸಾಕು. ಗಂಡು ಮೀನಿನಲ್ಲಿ ಅದು ತುಂಬಿರುವುದು ಕಂಡರೆ ನೀರಿನಲ್ಲಿ ಈಸ್ಟ್ರೋಜನ್ ಅಥವಾ ಅದರಂತೆ ಕೆಲಸ ಮಾಡುವ ವಸ್ತು ಇದೆ ಎಂದು ಅರ್ಥ. ಪಡ್ರೆಯಲ್ಲಿ ಅಂದು ರಕ್ತ ಕೊಟ್ಟ ಹುಡುಗರು ಈಗ ಮೂವತ್ತು ದಾಟಿದ ಗಂಡಸರು. ಅವರ ಎಲ್‌ಎಚ್ ಮತ್ತು ಟೆಸ್ಟೋಸ್ಟೆರಾನನ್ನು ಮತ್ತೊಮ್ಮೆ ಜೊತೆಯಾಗಿ ಅಳೆದರೆ, ಅಂದು ಒಡೆದಿದ್ದ ಕಾಲುವೆ ತಾನಾಗಿ ಕೂಡಿಕೊಂಡಿತೇ, ಇಲ್ಲವೇ ನೀರುಗಂಟಿ ಇನ್ನೂ ತೂಬು ಎತ್ತಿಯೇ ನಿಂತಿದ್ದಾನೆಯೇ ಎಂಬುದು ಒಂದು ಬೆಳಗಿನ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.